ಎದೆ ಮೂಳೆ ಬೆರಳಿಗೆ ತಾಕಿದ ಮೇಲೆ

ನನ್ನ ಮೊದಲ ಬಡ್ಜಿ (ಪಂಜರದಲ್ಲಿ ಸಾಕುವ ಪುಟ್ಟ ಗಿಳಿ) ಸಾಯುವ ಹಿಂದಿನ ದಿನವೂ ಬಟ್ಟಲ ಮುಂದೆ ಕೂತು ಕಾಳು ಒಡೆಯುತ್ತಿತ್ತು. ತಿಂತಾ ಇದೆಯಲ್ಲ ಅಂತ ನಾನು ಸುಮ್ಮನಿದ್ದೆ. ಸತ್ತ ಮೇಲೆ ಕೈಗೆತ್ತಿಕೊಂಡಾಗ ಎದೆ ಮೂಳೆ ಚಾಕುವಿನ ಅಲಗಿನ ಹಾಗೆ ಬೆರಳಿಗೆ ತಾಕಿತು. ಕಾಳು ಒಡೆದು ನುಂಗದೆ ಕೆಳಗೆ ಬಿಡುತ್ತಿತ್ತು ಅಂತ ಆಗ ಗೊತ್ತಾಯಿತು. ಸೊರಗಿದ ಹಕ್ಕಿ ಬೇಟೆಯ ಪ್ರಾಣಿಯ ಕಣ್ಣಿಗೆ ಮೊದಲು ಬೀಳುತ್ತದೆ. ಅದಕ್ಕೇ ಹಕ್ಕಿಗಳು ಶಕ್ತಿ ಇರುವವರೆಗೂ ಕಾಯಿಲೆ ಮುಚ್ಚಿಡುತ್ತವೆ, ಪಂಜರದಲ್ಲಿದ್ದರೂ ಅಷ್ಟೇ.

ಎರಡನೆಯದು ಬಂದಾಗ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ತಂದೆ. ದಿನಾ ಬೆಳಿಗ್ಗೆ, ಮೊದಲ ಹಿಕ್ಕೆ ಹಾಕಿದ ಮೇಲೆ, ಕಾಳು ಕೊಡುವ ಮೊದಲು ತೂಕ. ಬೆಳೆದ ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ಇರುತ್ತದೆ, ನಮ್ಮದು 36. ಒಂದು ಸಲ 35, 34 ಅಂತ ಇಳಿದು ನಾಲ್ಕನೇ ದಿನ 33ಕ್ಕೆ ಬಂತು. ಮೂರು ಗ್ರಾಂ ಏನು ಮಹಾ ಅನ್ನಿಸಬಹುದು. 60 ಕೆಜಿ ಮನುಷ್ಯ ನಾಲ್ಕು ದಿನಕ್ಕೆ 5 ಕೆಜಿ ಇಳಿದ ಹಾಗೆ ಅದು!

ಇಷ್ಟಾದರೂ ಅದು ಚಿಲಿಪಿಲಿ ಅನ್ನುತ್ತಲೇ ಇತ್ತು. ಹತ್ತಿರ ಕೂತು ನೋಡಿದೆ. ಮಟ ಮಟ ಮಧ್ಯಾಹ್ನ ಪುಕ್ಕ ಉಬ್ಬಿಸಿಕೊಂಡು ತೂಕಡಿಸುತ್ತಿತ್ತು, ಅದೂ ಎರಡೂ ಕಾಲು ಊರಿ. ಚೆನ್ನಾಗಿದ್ದಾಗ ಒಂದು ಕಾಲು ಮಡಚಿಕೊಂಡೇ ಮಲಗುತ್ತಿತ್ತು. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದೆ. ಹಿಕ್ಕೆಯಲ್ಲಿ ಹಸಿರು ಭಾಗ, ಅದರ ಮೇಲೆ ಸುಣ್ಣದಂಥ ಬಿಳಿ, ಸುತ್ತ ಸ್ವಲ್ಪ ನೀರು ಇರಬೇಕು. ಇದರಲ್ಲಿ ಆ ಬಿಳಿಯೇ ಹಳದಿ ಹಸಿರಾಗಿತ್ತು. ಕಾಗದವನ್ನೇ ಮಡಚಿಕೊಂಡು ಹಕ್ಕಿಗಳನ್ನು ನೋಡುವ ಡಾಕ್ಟರ ಹತ್ತಿರ ಓಡಿದೆ.

ಲಿವರ್‌ಗೆ ಸೋಂಕು ಅಂದರು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ ಅಂತಲೂ ಕೇಳಿದರು. ಸಿಟಕೋಸಿಸ್ ಅನ್ನುವ ಸೋಂಕು ಹಕ್ಕಿಯಿಂದ ಮನುಷ್ಯರಿಗೂ ಬರುತ್ತದಂತೆ. ಅಂದಿನಿಂದ ಒಣಗಿದ ಹಿಕ್ಕೆ ಗುಡಿಸುವುದಿಲ್ಲ, ನೆನೆಸಿ ಒರೆಸುತ್ತೇನೆ.

ಮನೆಯಲ್ಲಿ ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ, ಹೊರಗೆ ಒಂದು ಪಕ್ಕಕ್ಕೆ ಮಾತ್ರ ಬಿಸಿ ಕೊಡುವ ಬಲ್ಬ್ ಇಟ್ಟೆ. ಸೆಕೆಯಾದರೆ ಆಚೆ ಸರಿಯಲು ಜಾಗ ಬೇಕಲ್ವಾ? ಬಾಯಿಗೆ ನೀರು ಹಿಂಡಲು ಹೋಗಬೇಡಿ, ಶ್ವಾಸನಾಳಕ್ಕೆ ಇಳಿದುಬಿಡಬಹುದು. ಅಂಗಡಿಯ ಔಷಧಿ ಪುಡಿಯನ್ನು ನೀರಿಗೆ ಬೆರೆಸಿ ಕಾಯುವುದೂ ನನಗೆ ಒಪ್ಪಿಗೆಯಿಲ್ಲ. ಕಾಯಿಲೆ ಹಕ್ಕಿ ಎಷ್ಟು ನೀರು ಕುಡಿಯಿತು ಅಂತ ಯಾರು ಬಲ್ಲರು? ಕೂತಲ್ಲೇ ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರಂತೂ ಸಂಜೆವರೆಗೂ ಕಾಯಬೇಡಿ.

ಮೂರು ವಾರದ ಮೇಲೆ ತಕ್ಕಡಿ ಮತ್ತೆ 36 ತೋರಿಸಿತು. ಆ ರಾತ್ರಿ ಬಟ್ಟೆ ಸರಿಸಿ ಇಣುಕಿದೆ. ಒಂದೇ ಕಾಲ ಮೇಲೆ ನಿಂತು ನಿದ್ದೆ ಮಾಡುತ್ತಿತ್ತು.