ಎಲ್ಲಾ ಬ್ರಾಂಚೂ ಇಷ್ಟ ಅನ್ನೋ ಮಕ್ಕಳು ಆಪ್ಷನ್ ಎಂಟ್ರಿ ಹೆಂಗ್ ಮಾಡ್ಬೇಕು?

ಸಿಇಟಿ ರ‍್ಯಾಂಕ್ ಬಂತು ಅಂದ್ರೆ ನನ್ನ ಫೋನು ಬಡ್ಕೊಳ್ಳೋಕೆ ಶುರು, ಆಪ್ಷನ್ ಎಂಟ್ರೀಲಿ (ಯಾವ ಕಾಲೇಜು, ಯಾವ ಬ್ರಾಂಚು ಬೇಕು ಅಂತ ಇಷ್ಟದ ಕ್ರಮದಲ್ಲಿ ತುಂಬೋದು) ಏನು ಹಾಕ್ಲಿ ಅಂತ. ಈ ಸಲ ಆಲೂರು ಕಡೆ ತೋಟದವರೊಬ್ರು ಕೇಳಿದ್ರು, "ನಮ್ಮ ಹುಡುಗನಿಗೆ ಮೋಟ್ರು ಬಿಚ್ಚೋದೂ ಬೇಕು, ಕೋಡಿಂಗೂ ಬೇಕು, ಡ್ರೋನೂ ಬೇಕು, ಎಲ್ಲಾ ಸೇರಿಸಿ ಕಲಿಸೋ ಇಂಜಿನಿಯರಿಂಗ್ ಒಂದು ಇಲ್ವಾ?" ಇದೆ, ಆದ್ರೆ ನಮ್ಮ ಕಡೆ ಅದು ಬೋರ್ಡ್ ಹಾಕ್ಕೊಂಡು ಕೂತಿಲ್ಲ, ನಾವೇ ಕಟ್ಕೋಬೇಕು.

ಇಂಗ್ಲೆಂಡಲ್ಲಿ ಇದು ಹಳೇ ಪದ್ಧತಿ. ಆಕ್ಸ್‌ಫರ್ಡ್‌ನಲ್ಲಿ ಡಿಗ್ರಿ ಹೆಸರೇ ಇಂಜಿನಿಯರಿಂಗ್ ಸೈನ್ಸ್, 4 ವರ್ಷ, ಮೊದಲ 2 ವರ್ಷ ಎಲ್ರಿಗೂ ಒಂದೇ ಪಾಠ, ಆಮೇಲೆ ಯಾವ ಕಡೆ ಅಂತ ಆರಿಸ್ಕೊಳ್ಳೋದು, ಕೇಂಬ್ರಿಡ್ಜ್‌ನಲ್ಲೂ ಹೆಚ್ಚುಕಮ್ಮಿ ಹಿಂಗೇ. ನಮ್ಮಲ್ಲಿ ಐಐಟಿ ಬಾಂಬೆ, ಮದ್ರಾಸ್ ಥರದ ಕಡೆ ಇಂಜಿನಿಯರಿಂಗ್ ಫಿಸಿಕ್ಸ್ ಇದೆ, ಅದು ಜೆಇಇ ಅಡ್ವಾನ್ಸ್ಡ್ ದಾಟಿದೋರಿಗೆ. ಸಿಇಟಿ ಬರೆದೋರು ಕೆಇಎ (ಸಿಇಟಿ ನಡೆಸಿ ಸೀಟು ಹಂಚೋ ಸರ್ಕಾರಿ ಸಂಸ್ಥೆ) ಸೀಟ್ ಪಟ್ಟೀಲಿ 'ಜನರಲ್ ಇಂಜಿನಿಯರಿಂಗ್' ಹುಡುಕ್ತಾ ಕೂರ್ಬೇಡಿ, ಹತ್ತಿರದ್ದು ಅಂದ್ರೆ ಮೆಕಾಟ್ರಾನಿಕ್ಸು (ಮೆಕ್ಯಾನಿಕಲ್ಲೂ ಎಲೆಕ್ಟ್ರಾನಿಕ್ಸೂ ಸೇರಿದ್ದು), ರೋಬಾಟಿಕ್ಸ್ ಅಂಡ್ ಆಟೋಮೇಷನ್ನು, ಇಂಡಸ್ಟ್ರಿಯಲ್ ಇಂಜಿನಿಯರಿಂಗು.

ಮೊದಲ ಕೆಲಸ: ಹುಡುಗನಿಗೆ ನಿಜವಾಗ್ಲೂ ಎಲ್ಲಾ ಇಷ್ಟಾನಾ ಇಲ್ಲಾ ಯಾವುದೂ ಇನ್ನೂ ಗೊತ್ತಿಲ್ವಾ ಅಂತ ತಿಳ್ಕೊಳ್ಳಿ. ಇದಕ್ಕೆ ಆನ್‌ಲೈನ್ ಟೆಸ್ಟ್ ಎಲ್ಲಾ ಬೇಡ, ಯಾವುದಾದ್ರೂ ಕಾಫಿ ಪಲ್ಪಿಂಗ್ ಮನೆಗೆ ಕರ್ಕೊಂಡ್ ಹೋಗಿ. ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರದಲ್ಲಿ ಗ್ಯಾಪು ಜಾಸ್ತಿ ಇದ್ರೆ ಹಣ್ಣು ಹಂಗೇ ಹೋಗುತ್ತೆ, ಕಮ್ಮಿ ಆದ್ರೆ ಬೀಜ ಒಡೆಯುತ್ತೆ, ಅದು ಮೆಕ್ಯಾನಿಕಲ್. ಅದನ್ನ ತಿರುಗಿಸೋ ತ್ರೀ ಫೇಸ್ ಮೋಟ್ರಿಗೆ ಒಂದು ಫೇಸ್ ಹೋದ್ರೆ ಸುಟ್ಟು ಕೂರುತ್ತೆ, ಅದು ಎಲೆಕ್ಟ್ರಿಕಲ್. ತೊಳೆದ ನೀರು ಹುಳಿಯಾಗಿ, ಹಳ್ಳಕ್ಕೆ ಬಿಟ್ರೆ ನೀರಲ್ಲಿರೋ ಆಕ್ಸಿಜನ್ನನ್ನೇ ತಿಂದು ಮೀನು ಸಾಯಿಸುತ್ತೆ, ಅದಕ್ಕೆ ಟ್ಯಾಂಕು, ಸುಣ್ಣ, ಟ್ರೀಟ್‌ಮೆಂಟು ಅಂತ ಸಿವಿಲ್ಲೂ ಕೆಮಿಸ್ಟ್ರಿಯೂ ಬರುತ್ತೆ. ಪಾರ್ಚ್‌ಮೆಂಟ್ ಕಾಫಿ (ಸಿಪ್ಪೆ ಬಿಡಿಸಿ ತೊಳೆದ ಬೀಜ) ತೇವ ಸುಮಾರು 10% ಬರೋವರೆಗೂ ಒಣಗಿಸ್ಬೇಕು, ಕಣದ ಮೇಲೆ ಅಕಾಲ ಮಳೆ ಬಂದ್ರೆ ಮುಗೀತು, ಆ ತೇವ ಅಳೆದು ಫೋನಿಗೆ ಕಳ್ಸೋದು ಎಲೆಕ್ಟ್ರಾನಿಕ್ಸು, ಕೋಡಿಂಗು. ಒಂದೇ ಶೆಡ್ಡು, ಐದು ಬ್ರಾಂಚು! ಹುಡುಗ ಮೊದಲು ಯಾವುದರ ಬಗ್ಗೆ ಪ್ರಶ್ನೆ ಕೇಳ್ತಾನೋ ಅದೇ ಅವನ ಬುಡ. ಉಳಿದಿದ್ದು ಕೊಂಬೆ.

ಎರಡನೇದು, ಆ ಬುಡದ ಬ್ರಾಂಚನ್ನೇ ಆಪ್ಷನ್‌ನಲ್ಲಿ ಮೇಲಿಡಿ. ಹಾಸನದ ಮಲ್ನಾಡ್ ಕಾಲೇಜು 1960ರದ್ದು, ಇಂಥ ಹಳೇ ಕಾಲೇಜುಗಳಲ್ಲಿ ಮೂಲ ಬ್ರಾಂಚಿನ ಲ್ಯಾಬು, ವರ್ಕ್‌ಶಾಪು ಹೆಂಗಿದೆ ಅಂತ ಹೋಗಿ ಕಣ್ಣಾರೆ ನೋಡಿ ಬನ್ನಿ. ಸ್ಟೈಲಿಶ್ ಹೆಸರಿನ ಬ್ರಾಂಚ್ ತಗೊಳ್ಳೋಕೂ ಮುಂಚೆ ಸರ್ಕಾರಿ ನೋಟಿಫಿಕೇಶನ್ ಒಂದೆರಡು ತೆಗೆದು ಓದಿ. ಡಿಗ್ರಿ ಹೆಸರು ಅಲ್ಲಿ ಲೆಕ್ಕಕ್ಕೆ ಬರುತ್ತೆ. ಹಾಸನದ ಸಾಲಗಾಮೆ ರೋಡಲ್ಲಿ ಉಪಗ್ರಹ ನೋಡ್ಕೊಳ್ಳೋ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ಇಸ್ರೋ ಸೈಂಟಿಸ್ಟ್ ಹುದ್ದೆಗೆ ಕರೆಯೋದೇ ಎಲೆಕ್ಟ್ರಾನಿಕ್ಸು, ಮೆಕ್ಯಾನಿಕಲ್ಲು, ಕಂಪ್ಯೂಟರ್ ಸೈನ್ಸು ಅಂತ ಬೇರೆಬೇರೆಯಾಗಿ. ಯುಪಿಎಸ್‌ಸಿ ಇಂಜಿನಿಯರಿಂಗ್ ಸರ್ವೀಸಸ್ ಪರೀಕ್ಷೆ ಇರೋದೂ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್-ಟೆಲಿಕಾಂ ನಾಲ್ಕರಲ್ಲೇ. 'ನಂದೂ ಅದೇ ಸಿಲಬಸ್ಸು' ಅಂತ ಆಮೇಲೆ ಅರ್ಜಿ ಹಿಡ್ಕೊಂಡು ಓಡಾಡೋ ಪಾಡು ಬೇಡ.

ಸೀಟು ಸಿಕ್ತಾ? ಫಸ್ಟ್ ಇಯರ್‌ನ ಹಗುರಾಗಿ ತಗೋಬೇಡಿ. ಫಿಸಿಕ್ಸ್ ಸೈಕಲ್ಲು, ಕೆಮಿಸ್ಟ್ರಿ ಸೈಕಲ್ಲು (ಒಂದು ಸೆಮಿಸ್ಟರ್ ಒಂದು ಗುಂಪಿನ ವಿಷಯ, ಇನ್ನೊಂದಕ್ಕೆ ಇನ್ನೊಂದು) ಅಂತ ಬೇರೆ ಬ್ರಾಂಚಿನ ಬೇಸಿಕ್ಸ್ ಎಲ್ಲಾ ಬರುತ್ತೆ, ನಮ್ಮ ಹುಡುಗ್ರು 'ಪಾಸಾದ್ರೆ ಸಾಕು' ಅಂತ ಎಸೆಯೋದೂ ಅದನ್ನೇ. ಜನರಲ್ ಇಂಜಿನಿಯರಿಂಗ್ ಅಂದ್ರೆ ಬಹುಪಾಲು ಅಲ್ಲೇ ಇದೆ ಸ್ವಾಮಿ. ಮ್ಯಾಥ್ಸ್ ಅಂತೂ ಬಿಡಲೇಬೇಡಿ. ಬೈಕ್ ಶಾಕ್‌ಅಬ್ಸಾರ್ಬರ್ ಕುಣಿಯೋದಕ್ಕೂ ಸರ್ಕ್ಯೂಟಲ್ಲಿ ಕರೆಂಟ್ ಕುಣಿಯೋದಕ್ಕೂ ಬರೆಯೋ ಡಿಫರೆನ್ಷಿಯಲ್ ಈಕ್ವೇಶನ್ ಒಂದೇ: ತೂಕದ ಜಾಗಕ್ಕೆ ಇಂಡಕ್ಟರ್ ಹಾಕಿ, ಡ್ಯಾಂಪರ್ ಜಾಗಕ್ಕೆ ರೆಸಿಸ್ಟರ್, ಸ್ಪ್ರಿಂಗ್ ಜಾಗಕ್ಕೆ ಕೆಪಾಸಿಟರ್. ನಾನು ಮೆಕ್ಯಾನಿಕಲ್ ಓದಿ ಆಟೋಮೇಷನ್ ಕೆಲಸಕ್ಕೆ ಹೋದೋನು, ಇದು ತಲೆಗೆ ಹೊಳೆದಿದ್ದು ಕೆಲಸಕ್ಕೆ ಸೇರಿ ಎರಡು ವರ್ಷ ಆದ್ಮೇಲೆ, ಅಲ್ಲೀವರೆಗೂ ಸರ್ಕ್ಯೂಟ್ ಕಂಡ್ರೆ ಮಾರಿ ಕಂಡಂಗೆ ಓಡ್ತಿದ್ದೆ.

ಆಮೇಲೆ ಕೊಂಬೆ ಬೆಳೆಸೋದು. ಓಪನ್ ಎಲೆಕ್ಟಿವ್ (ಬೇರೆ ಬ್ರಾಂಚಿಂದ ನಾವೇ ಆರಿಸ್ಕೊಳ್ಳೋ ವಿಷಯ) ಬಂದಾಗ ಇಡೀ ಕ್ಲಾಸು ಮಾರ್ಕ್ಸ್ ಸುಲಭ ಅನ್ನೋ ಕಡೆ ನುಗ್ಗುತ್ತೆ, ನೀವು ಬುಡಕ್ಕೆ ಕೂಡೋದನ್ನ ಹಾಕಿ. ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಎಐಸಿಟಿಇ ನಿಯಮದಲ್ಲಿ 18ರಿಂದ 20 ಕ್ರೆಡಿಟ್ ಎಕ್ಸ್‌ಟ್ರಾ ಓದಿದ್ರೆ ಮೈನರ್ ಡಿಗ್ರಿ (ನಿಮ್ಮ ಬ್ರಾಂಚಿನ ಜೊತೆ ಇನ್ನೊಂದು ವಿಷಯದ್ದೂ) ಸಿಗುತ್ತೆ, ನಿಮ್ಮ ಕಾಲೇಜಲ್ಲಿ ಯಾವ್ಯಾವ ಮೈನರ್ ಇದೆ ಅಂತ ಎರಡನೇ ವರ್ಷಾನೇ ಕೇಳಿ. ಇಲ್ಲಾಂದ್ರೆ ಎನ್‌ಪಿಟಿಇಎಲ್ ಇದ್ದೇ ಇದೆ, ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ, 4, 8, 12 ವಾರದ ಕೋರ್ಸುಗಳು, ಪಾಠ ಫ್ರೀ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ದುಡ್ಡು. ಫೈನಲ್ ಇಯರ್ ಪ್ರಾಜೆಕ್ಟಿಗೆ ಬೇರೆ ಬ್ರಾಂಚಿನೋರ ಜೊತೆ ಟೀಮ್ ಕಟ್ಟೋಕೆ ಪರ್ಮಿಷನ್ ಕೇಳಿ, ಮೊದಲು ಬೈತಾರೆ, ಆಮೇಲೆ ಕೊಡ್ತಾರೆ.

ಕೆಲಸದ ವಿಷಯ. ಇಂಥವರಿಗೆ ಹೊಂದೋದು ಸಿಸ್ಟಮ್ಸ್ ಇಂಜಿನಿಯರ್, ಟೆಸ್ಟಿಂಗ್, ಪಿಎಲ್‌ಸಿ-ಆಟೋಮೇಷನ್ (ಫ್ಯಾಕ್ಟರಿ ಯಂತ್ರ ತಾನಾಗೇ ಓಡೋ ಹಂಗೆ ಪ್ರೋಗ್ರಾಂ ಮಾಡೋದು), ಟೆಕ್ನಿಕಲ್ ಸೇಲ್ಸ್, ಸ್ವಲ್ಪ ವರ್ಷ ಆದ್ಮೇಲೆ ಪ್ರಾಡಕ್ಟ್ ಮ್ಯಾನೇಜರ್. ನಮ್ಮ ಕಡೆ ಯಾರಿಗೂ ಹೊಳೆಯದ ದಾರಿ ಅಂದ್ರೆ ಪೇಟೆಂಟ್ ಏಜೆಂಟು (ಹೊಸ ಆವಿಷ್ಕಾರದ ಹಕ್ಕಿಗೆ ಅರ್ಜಿ ಹಾಕ್ಕೊಡೋರು), ಸೈನ್ಸ್ ಇಲ್ಲಾ ಇಂಜಿನಿಯರಿಂಗ್ ಡಿಗ್ರಿ ಇದ್ರೆ ಆ ಪರೀಕ್ಷೆ ಬರೀಬಹುದು, ಬ್ರಾಂಚ್ ಕೇಳಲ್ಲ. ಐಎಎಸ್, ಕೆಎಎಸ್‌ಗೂ ಕೇಳಲ್ಲ. ಮುಂದೆ ಎಂ.ಟೆಕ್ ಥರ ಓದೋರಿಗೆ ಅದರ ಪ್ರವೇಶ ಪರೀಕ್ಷೆ ಗೇಟ್‌ನಲ್ಲಿ ಇಂಜಿನಿಯರಿಂಗ್ ಸೈನ್ಸಸ್ ಅಂತಾನೇ ಪೇಪರ್ ಇದೆ, ಮ್ಯಾಥ್ಸ್ ಕಡ್ಡಾಯ, ಜೊತೆಗೆ ಫ್ಲೂಯಿಡ್ಸ್, ಥರ್ಮೋ, ಮೆಟೀರಿಯಲ್ಸ್ ಇಂಥವುಗಳಲ್ಲಿ ಯಾವುದಾದ್ರೂ ಎರಡು, ಸ್ಕೋರು 3 ವರ್ಷ ನಡೆಯುತ್ತೆ.

ಇಂಟರ್‌ವ್ಯೂನಲ್ಲಿ ಮಾತ್ರ "ಎಲ್ಲಾ ಬರುತ್ತೆ" ಅನ್ಬೇಡಿ. ನನ್ನ ಮೊದಲನೇ ಇಂಟರ್‌ವ್ಯೂನಲ್ಲಿ ಅದನ್ನೇ ಅಂದೆ, ಹಂಗಾದ್ರೆ ಮೋಟ್ರು ಸ್ಟಾರ್ಟರ್ ವೈರಿಂಗ್ ಬರೀರಿ ಅಂದ್ರು, ಪೆನ್ನು ಹಿಡ್ಕೊಂಡು ಕೂತಿದ್ದೆ, ಐದು ನಿಮಿಷಕ್ಕೆ ಹೊರಗೆ. 'ನಂದು ಮೆಕ್ಯಾನಿಕಲ್, ಕಂಟ್ರೋಲ್ಸ್ ಇಷ್ಟು ಮಾಡಿದೀನಿ, ಇಗೋ ಪ್ರಾಜೆಕ್ಟು' ಅಂತ ಹೇಳಿದ್ದು ಮೂರನೇ ಕಡೆ, ಅಲ್ಲಿ ಕೆಲಸ ಸಿಕ್ತು.

ಅಂದಹಾಗೆ ಆ ಆಲೂರಿನ ಹುಡುಗ. ಪಲ್ಪಿಂಗ್ ನವೆಂಬರಿಂದ ಜನವರಿ, ಈಗ ಮಳೆಗಾಲದಲ್ಲಿ ಯಂತ್ರ ಸುಮ್ನೆ ನಿಂತಿರುತ್ತೆ ಅಂದ್ರು ಅವರಪ್ಪ. ಬಿಚ್ಚೋಕೆ ಇದಕ್ಕಿಂತ ಒಳ್ಳೇ ಟೈಮ್ ಯಾವುದು ಅಂದೆ. ಮಾರನೇ ದಿನ ಸಂಜೆ ಹುಡುಗನೇ ಫೋನ್ ಮಾಡ್ದ, ಪಲ್ಪರ್ ಬಗ್ಗೆ ಒಂದು ಮಾತಿಲ್ಲ, ಗೋಡೆ ಮೇಲಿನ ಸ್ಟಾರ್ಟರ್ ಡಬ್ಬಿ ಬಗ್ಗೆ ಅರ್ಧ ಗಂಟೆ ಕೊರೆದ. ಎಲೆಕ್ಟ್ರಿಕಲ್ ಮೇಲಕ್ಕೆ ಹಾಕಿದಾರೆ.