ಎಳ್ಳಿನಷ್ಟು ಕೆಪಾಸಿಟರ್, ಥರ್ಮಲ್ ಕ್ಯಾಮೆರಾ: ನನ್ನ ಅನುಭವ

ಆ ಲ್ಯಾಪ್‌ಟಾಪ್ ತಂದವಳು ಎಂಜಿನಿಯರಿಂಗ್ ಓದುವ ಹುಡುಗಿ. ಚಾರ್ಜರ್ ಹಾಕಿದರೂ ಒಂದು ಲೈಟೂ ಹತ್ತುತ್ತಿರಲಿಲ್ಲ. "ಅಣ್ಣಾ, ಬೋರ್ಡೇ ಬದಲಾಯಿಸಬೇಕು ಅಂತ ಬೇರೆ ಕಡೆ ಹೇಳಿದ್ರು. ಅಷ್ಟು ದುಡ್ಡಿಲ್ಲ, ಪ್ರಾಜೆಕ್ಟ್ ಬೇರೆ ಇದರಲ್ಲೇ ಇದೆ" ಅಂದಳು.

ಬಿಚ್ಚಿ, ಬ್ಯಾಟರಿ ತೆಗೆದು, 19 ವೋಲ್ಟ್ ಲೈನಿಗೂ ಗ್ರೌಂಡಿಗೂ ಮೀಟರ್ ಹಿಡಿದೆ. 0.4 ಓಮ್. ಶಾರ್ಟ್ ಇರುವುದು ಖಚಿತವಾಯಿತು. ಎಲ್ಲಿ ಅನ್ನುವುದೇ ಕಷ್ಟ. ಆ ಲೈನಿನಲ್ಲಿ ಎಳ್ಳಿನಷ್ಟು ಚಿಕ್ಕ ಕೆಪಾಸಿಟರುಗಳು (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ಹತ್ತಾರು ಇರುತ್ತವೆ, ಎಲ್ಲವೂ ಪ್ಯಾರಲಲ್, ಅಂದರೆ ಎಲ್ಲದರ ಒಂದು ತುದಿ ಅದೇ ಲೈನಿಗೆ, ಇನ್ನೊಂದು ಗ್ರೌಂಡಿಗೆ. ಒಂದು ಕೆಟ್ಟರೆ ಯಾವುದರ ಮೇಲೆ ಮೀಟರ್ ಇಟ್ಟರೂ ಅದೇ 0.4 ತೋರಿಸುತ್ತದೆ.

ಕರೆಂಟ್ ಕೊಟ್ಟರೆ ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ. ಮೊದಲೆಲ್ಲ ಬೋರ್ಡಿನ ಮೇಲೆ ಐಪಿಎ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದು, ಯಾವ ಜಾಗ ಬೇಗ ಒಣಗುತ್ತದೆ ಅಂತ ಕಣ್ಣಿಟ್ಟು ಕಾಯುತ್ತಿದ್ದೆ. ಅಥವಾ ಒಂದೊಂದೇ ಕೆಪಾಸಿಟರ್ ಕಿತ್ತು ನೋಡುತ್ತಿದ್ದೆ. ಈಗ ಫೋನಿಗೆ ಚುಚ್ಚುವ 256x192 ಪಿಕ್ಸೆಲ್‌ನ ಥರ್ಮಲ್ ಕ್ಯಾಮೆರಾ, ಅಂದರೆ ಬಿಸಿಯನ್ನು ಬಣ್ಣಗಳಲ್ಲಿ ತೋರಿಸುವ ಕ್ಯಾಮೆರಾ, ಇಟ್ಟುಕೊಂಡಿದ್ದೇನೆ.

ಕ್ಯಾಮೆರಾ ಹಿಡಿಯುವ ಮೊದಲು ಒಂದು ಕೆಲಸ ತಪ್ಪದೇ ಮಾಡುತ್ತೇನೆ. 19 ವೋಲ್ಟ್ ಲೈನಿನಿಂದ ಸಿಪಿಯು ಕಾಯಿಲ್‌ಗೆ (ಸಿಪಿಯುಗೆ ಕರೆಂಟ್ ಹೋಗುವ ಸುರುಳಿಗೆ) ಶಾರ್ಟ್ ಇದೆಯಾ ಅಂತ ನೋಡುತ್ತೇನೆ. ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ ಶಾರ್ಟ್ ಆಗಿ ಹೋಗಿದ್ದರೆ ನಾವು ಕೊಡುವ ಕರೆಂಟ್ ಸೀದಾ ಸಿಪಿಯುಗೇ ನುಗ್ಗುತ್ತದೆ. ಸಿಪಿಯು ಸುಟ್ಟರೆ ಆ ಬೋರ್ಡಿನ ಕಥೆ ಮುಗಿದಂತೆ.

ಇಲ್ಲಿ ಮಾಸ್ಫೆಟ್ ಸರಿಯಿತ್ತು. ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಇಡಬಹುದಾದ ಬೆಂಚ್ ಪವರ್ ಸಪ್ಲೈಯನ್ನು 1 ವೋಲ್ಟ್‌ಗೆ ಇಳಿಸಿ, ಕರೆಂಟ್ ಲಿಮಿಟ್ 3 ಆಂಪಿಯರ್‌ಗೆ ಇಟ್ಟೆ. ಫ್ಯಾನ್ ಆರಿಸಿದೆ, ಗಾಳಿ ಬಿದ್ದರೆ ಸಣ್ಣ ಬಿಸಿ ಕಾಣುವುದೇ ಇಲ್ಲ. ನೆಗೆಟಿವ್ ಗ್ರೌಂಡಿಗೆ, ಪಾಸಿಟಿವ್ ಲೈನಿಗೆ. ಸುಮಾರು 2.5 ಆಂಪಿಯರ್ ಎಳೆಯಿತು. ಪರದೆಯ ಮೇಲೆ ಬೋರ್ಡ್ ಪೂರ್ತಿ ಕಡುನೀಲಿ. ಎರಡೇ ಸೆಕೆಂಡ್, ಒಂದು ಮೂಲೆಯಲ್ಲಿ ಊದುಬತ್ತಿಯ ತುದಿಯಂತೆ ಚುಕ್ಕಿಯೊಂದು ಬೆಳಗಿತು. ಸುತ್ತ ಹಳದಿ ನಿಧಾನವಾಗಿ ಹರಡಿತು. ಬರಿಗಣ್ಣಿಗೆ ಆ ಕೆಪಾಸಿಟರಿನಲ್ಲಿ ಒಂದು ಗೀರೂ ಇರಲಿಲ್ಲ.

ಹಾಟ್ ಏರ್‌ನಿಂದ ಅದನ್ನು ತೆಗೆದು ಮತ್ತೆ ಮೀಟರ್ ಹಿಡಿದೆ. ಶಾರ್ಟ್ ಹೋಗಿತ್ತು. ಹಳೇ ಬೋರ್ಡಿನಿಂದ ಅಷ್ಟೇ ಕೆಪಾಸಿಟಿಯ, 25 ವೋಲ್ಟ್ ತಡೆಯುವ ಕೆಪಾಸಿಟರ್ ಕಿತ್ತು ಇಲ್ಲಿ ಕೂರಿಸಿದೆ. ಲ್ಯಾಪ್‌ಟಾಪ್ ಆನ್ ಆಯಿತು. ಪ್ರಾಜೆಕ್ಟ್ ಫೋಲ್ಡರ್ ತೆರೆದಾಗ ಆ ಹುಡುಗಿಯ ಮುಖ ನೋಡಬೇಕಿತ್ತು!

ಹಾಗಂತ ಬಿಸಿ ಕಂಡಿದ್ದೆಲ್ಲ ಕೆಟ್ಟಿದೆ ಅಂದುಕೊಳ್ಳಬಾರದು. ಇದನ್ನು ನಾನು ಕಲಿತದ್ದು ಇನ್ನೊಂದು ಬೋರ್ಡಿನಿಂದ. ಅದರಲ್ಲಿ 3.3 ವೋಲ್ಟ್ ಕೊಡುವ ರೆಗ್ಯುಲೇಟರ್ ಐಸಿ ವಿಪರೀತ ಬಿಸಿಯಾಗುತ್ತಿತ್ತು. ಅದನ್ನೇ ಬದಲಾಯಿಸಿದೆ. ಹೊಸದೂ ಅಷ್ಟೇ ಬಿಸಿ. ಪಾಪ, ಅದರ ತಪ್ಪೇನೂ ಇರಲಿಲ್ಲ. ಅದರಿಂದ ಕರೆಂಟ್ ಪಡೆಯುವ ಲ್ಯಾನ್ (ನೆಟ್‌ವರ್ಕ್) ಚಿಪ್ ಕೆಟ್ಟು ಜಾಸ್ತಿ ಕರೆಂಟ್ ಎಳೆಯುತ್ತಿತ್ತು, ಆ ಭಾರವನ್ನೆಲ್ಲ ಐಸಿ ಹೊರುತ್ತಿತ್ತು. ಈಗ ಇಂಥ ಬೋರ್ಡ್ ಬಂದರೆ ರೆಗ್ಯುಲೇಟರ್ ತೆಗೆದು, ಅದರ ಔಟ್‌ಪುಟ್ ಕಡೆ 1 ವೋಲ್ಟ್ ಕೊಟ್ಟು ನೋಡುತ್ತೇನೆ. ಆಗ ಕಳ್ಳ ತಾನೇ ಸಿಕ್ಕಿಬೀಳುತ್ತಾನೆ.

ಹೊಳೆಯುವ ತಗಡಿನ ಮುಚ್ಚಳಗಳೂ ದಾರಿ ತಪ್ಪಿಸುತ್ತವೆ. ಅವು ಬಿಸಿಯಿದ್ದರೂ ತಣ್ಣಗಿರುವಂತೆ ಕಾಣುತ್ತವೆ. ಮೇಲಾಗಿ ನಮ್ಮ ಕೈಯ ಬಿಸಿಯನ್ನೇ ಕನ್ನಡಿಯಂತೆ ತೋರಿಸುತ್ತವೆ. ಕೈ ಸರಿಸಿದಾಗ ಚುಕ್ಕಿಯೂ ಸರಿದರೆ ಅದು ಬರೀ ಪ್ರತಿಬಿಂಬ. ಅಂಥ ಕಡೆ ಕಪ್ಪು ಇನ್ಸುಲೇಶನ್ ಟೇಪಿನ ಚೂರು ಅಂಟಿಸಿದರೆ ಸರಿಯಾದ ಬಿಸಿ ಕಾಣುತ್ತದೆ.

ಕಡಿದುಹೋದ ಟ್ರ್ಯಾಕ್ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಹುಡುಕಲು ಈ ಕ್ಯಾಮೆರಾ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಕರೆಂಟೇ ಹರಿಯದಿದ್ದರೆ ಬಿಸಿ ಎಲ್ಲಿಂದ ಬರಬೇಕು, ಅಲ್ವಾ? ಅದೇ ಮಾಡೆಲ್‌ನ ಒಳ್ಳೆಯ ಬೋರ್ಡಿನ ಚಿತ್ರ ಇದ್ದರೆ, ಬಿಸಿ ಇರಬೇಕಾದ ಕಡೆ ತಣ್ಣಗಿದೆ ಅಂತ ಗೊತ್ತಾಗುತ್ತದೆ. ಅದಕ್ಕೇ ರಿಪೇರಿಯಾದ ಪ್ರತಿ ಬೋರ್ಡನ್ನೂ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು, ಥರ್ಮಲ್ ಫೋಟೋ ತೆಗೆದು ಮಾಡೆಲ್ ನಂಬರಿನ ಹೆಸರಲ್ಲಿ ಇಟ್ಟುಕೊಳ್ಳುತ್ತೇನೆ. ಆ ಹುಡುಗಿಯ ಲ್ಯಾಪ್‌ಟಾಪಿನದೂ ಇದೆ.