ಯೂಕಾನ್ ನದಿಯ ಮಂಜುಗಡ್ಡೆ ದನಿ ಕೊನೆಗೂ ಸಿಕ್ಕಿದ್ದು ಹೀಗೆ

ಕೆನಡಾದ ಡಾಸನ್ ಸಿಟಿಯಲ್ಲಿ ಹೆಪ್ಪುಗಟ್ಟಿದ ಯೂಕಾನ್ ನದಿಯ ಸದ್ದು ಕೇಳಿ ಚಿತ್ರ ಬರೆಯಬೇಕು ಅನ್ನೋದು ನನ್ನ ಆಸೆ. ಮೂರು ದಿನ ರೆಕಾರ್ಡ್ ಆಗಿದ್ದು ಬರೀ ಗಾಳಿ. ಮೈಕ್ ಹೊರಗಿತ್ತು, ಸದ್ದು ಇದ್ದದ್ದು ಗಡ್ಡೆಯೊಳಗೆ ಅಲ್ವಾ!

ಅದಕ್ಕೇ ಪೀಜೋ ಬಿಲ್ಲೆ, ಅಂದರೆ ತಾಗಿದ ವಸ್ತುವಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತೆಳು ಬಿಲ್ಲೆ, ತಂದು ನೀರು ತಾಗದಂತೆ ರಬ್ಬರ್ ಲೇಪ ಹಚ್ಚಿದೆ. ಗಡ್ಡೆಯ ಮೇಲೆ ಒಂದು ಚಮಚ ನೀರು ಹಾಕಿ ಅದರಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ಕಚ್ಚಿಕೊಂಡಿತು. ಆದರೂ ದನಿ ಪೀಚು. ರೆಕಾರ್ಡರಿಗೆ ನೇರ ಜೋಡಿಸಿದರೆ ಪೀಜೋದ ಮಂದ್ರ ಸ್ವರ ಸತ್ತುಹೋಗುತ್ತದೆ. ನಡುವೆ ಇನ್‌ಪುಟ್ ರೋಧ ಹೆಚ್ಚಿರುವ (1 ಮೆಗಾಓಮ್) ಪ್ರಿಆಂಪ್, ಅಂದರೆ ಸಣ್ಣ ಸಂಕೇತವನ್ನು ಬಲಪಡಿಸುವ ಸಾಧನ, ಹಾಕಿದೆ ನೋಡಿ, ಗುಡುಗಿನಂಥ ನರಳಾಟ ಕೇಳಿತು! ಕಣ್ಣು ತುಂಬಿ ಬಂತು. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತಿತ್ತು. ಲಿಥಿಯಂ ಸೆಲ್ ಹಾಕಿ ರೆಕಾರ್ಡರನ್ನು ಕೋಟಿನ ಒಳಜೇಬಿಗೆ ಸೇರಿಸಿದೆ.

ದೂರದಲ್ಲಿ ಬಿರುಕು ಬಿಟ್ಟರೆ 'ಪ್ಯೂಂ' ಅಂತ ಮೇಲಿಂದ ಕೆಳಗೆ ಜಾರುವ ಸದ್ದು. ಗಡ್ಡೆಯಲ್ಲಿ ತಾರಸ್ವರ ಮುಂದೆ ಓಡುತ್ತದೆ, ಮಂದ್ರ ಹಿಂದೆ ಬರುತ್ತದೆ. ಅದನ್ನೇ ಇದ್ದಿಲಿನಲ್ಲಿ ಎಳೆದೆ: ಕೂದಲೆಳೆಯಂತೆ ಶುರು, ಕೊನೆಗೆ ದಪ್ಪ ಮಸಿ.

ನದಿಯ ಮಂಜುಗಡ್ಡೆ ಒಡೆಯುವ ದಿನವನ್ನು ಈ ಊರಿನಲ್ಲಿ 1896ರಿಂದ ಬರೆದಿಡುತ್ತಿದ್ದಾರೆ. ಈ ಸಲ ಆ ಸದ್ದನ್ನು ದಂಡೆಯಿಂದಲೇ ಹಿಡಿಯುತ್ತೇನೆ.